ಕಾಣದ ಬೆಳಕು, ತಪ್ಪುವ ಬಾಣ: ಲ್ಯಾಪ್‌ಟಾಪ್‌ನ ಅವಗೆಂಪು ಸಾಧನಗಳ ಬಗ್ಗೆ ಓದುಗರ ಪ್ರಶ್ನೆಗಳು

ನಮ್ಮ ಪ್ರೌಢಶಾಲೆಯಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಇದೆ. ವೀ ಎಂಬ ವಿಡಿಯೋ ಆಟದ ಯಂತ್ರದ ರಿಮೋಟ್ ಮತ್ತು ಅವಗೆಂಪು (ಇನ್‌ಫ್ರಾರೆಡ್) ಎಲ್‌ಇಡಿ ಹಾಕಿದ ಪೆನ್ ಬಳಸಿ ಗೋಡೆಯನ್ನೇ ಬೋರ್ಡ್ ಮಾಡಿಕೊಂಡೆವು. ಆದರೆ ಬರೆಯುವಾಗ ಗೆರೆ ತುಂಡಾಗುತ್ತದೆ, ಮೌಸ್‌ನ ಬಾಣ (ಕರ್ಸರ್) ಒಮ್ಮೊಮ್ಮೆ ಮೂಲೆಗೆ ಹಾರುತ್ತದೆ. ರೀಚಾರ್ಜ್ ಸೆಲ್ ಹಾಕಿದ ಮೇಲಂತೂ ಪೆನ್ ಸತ್ತಂತೆಯೇ ಆಗಿದೆ. ಏನು ಮಾಡಬೇಕು?
— ಗಣಿತ ಶಿಕ್ಷಕಿ, ಶಿರಸಿ

ಕೊನೆಯ ತೊಂದರೆಯಿಂದಲೇ ಶುರು ಮಾಡೋಣ, ಅದರ ಕಾರಣ ಸ್ಪಷ್ಟವಾಗಿದೆ. ಇಂಥ ಪೆನ್‌ಗಳಲ್ಲಿ ಹೆಚ್ಚಾಗಿ ಬಳಸುವ ಟಿಎಸ್‌ಎಎಲ್ 6400 ಎಂಬ ಮಾದರಿಯ ಎಲ್‌ಇಡಿಗೆ 100 ಮಿಲಿಆಂಪಿಯರ್ ಹರಿಯಬೇಕಾದರೆ ಸುಮಾರು 1.35 ವೋಲ್ಟ್ ಬೇಕು. ಮಾಮೂಲಿ ಆಲ್ಕಲೈನ್ ಸೆಲ್ 1.5 ವೋಲ್ಟ್ ಕೊಡುತ್ತದೆ, ಸಾಕಾಗುತ್ತದೆ. ರೀಚಾರ್ಜ್ ಸೆಲ್ ಕೊಡುವುದು 1.2 ಮಾತ್ರ. ವೋಲ್ಟೇಜ್ ಸ್ವಲ್ಪವೇ ಇಳಿದರೂ ಎಲ್‌ಇಡಿಯ ಕರೆಂಟ್ ಹಲವು ಪಟ್ಟು ಇಳಿದುಬಿಡುತ್ತದೆ. ಪೆನ್ ಸತ್ತಿಲ್ಲ, ಮಂಕಾಗಿದೆ ಅಷ್ಟೆ. ರೀಚಾರ್ಜ್ ಸೆಲ್ಲೇ ಬೇಕೆಂದರೆ ಎರಡನ್ನು ಸಾಲಾಗಿ ಜೋಡಿಸಿ 2.4 ವೋಲ್ಟ್ ಮಾಡಿಕೊಳ್ಳಿ, ಜೊತೆಗೆ 12 ಓಮ್‌ನ ರೆಸಿಸ್ಟರ್ ಒಂದನ್ನು ಬೆಸೆಯಿರಿ. ಎರಡು ಆಲ್ಕಲೈನ್ ಸೆಲ್ ಆದರೆ 18 ಓಮ್. ಎರಡು ಸೆಲ್ ಇದ್ದಾಗ ರೆಸಿಸ್ಟರ್ ಬಿಟ್ಟರೆ ಎಲ್‌ಇಡಿ ಸುಟ್ಟುಹೋಗುತ್ತದೆ.

ಪೆನ್ ಉರಿಯುತ್ತಿದೆಯೇ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ, ಏಕೆಂದರೆ ಅದರ ಬೆಳಕಿನ ತರಂಗಾಂತರ 940 ನ್ಯಾನೋಮೀಟರ್, ಕಣ್ಣಿಗೆ ಕಾಣುವ ಮಿತಿಯಿಂದಾಚೆಯದು. ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು ಪೆನ್ನಿನ ತುದಿಯನ್ನು ಅದಕ್ಕೆ ತೋರಿಸಿ, ಗುಂಡಿ ಒತ್ತಿ. ನಸುನೇರಳೆ ಚುಕ್ಕೆ ಕಂಡರೆ ಸರಿ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಗಾಬರಿ ಬೇಡ. ಅನೇಕ ಫೋನ್‌ಗಳಲ್ಲಿ ಅಲ್ಲಿ ಅವಗೆಂಪನ್ನು ತಡೆಯುವ ಫಿಲ್ಟರ್ ಇರುತ್ತದೆ.

ಇನ್ನು ಗೆರೆ ತುಂಡಾಗುವ ವಿಷಯ. ವೀ ರಿಮೋಟ್‌ನ ಮೂತಿಯಲ್ಲಿರುವುದು ಒಂದು ಪುಟ್ಟ ಅವಗೆಂಪು ಕ್ಯಾಮೆರಾ. ಅದು ಸೆಕೆಂಡಿಗೆ 100 ಸಲ ನೋಡಿ, ತನಗೆ ಕಂಡ ಹೊಳೆಯುವ ಚುಕ್ಕೆಗಳಲ್ಲಿ ನಾಲ್ಕರವರೆಗೆ ಜಾಗ ಗುರುತಿಸಿ ಬ್ಲೂಟೂತ್‌ನಲ್ಲಿ ಕಳಿಸುತ್ತದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಜಾನಿ ಚುಂಗ್ ಲೀ 2007ರ ಡಿಸೆಂಬರ್‌ನಲ್ಲಿ ಇದನ್ನೇ ತಿರುಗಿಸಿಟ್ಟು ಅಗ್ಗದ ಬೋರ್ಡ್ ಮಾಡಿ ತೋರಿಸಿದರು, ತಂತ್ರಾಂಶವನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ದುಬಾರಿ ಬೋರ್ಡ್ ಕೊಳ್ಳಲಾಗದ ಶಾಲೆಗಳಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಚುಕ್ಕೆ ಕಾಣದ ಕ್ಷಣದಲ್ಲಿ ಗೆರೆಯೂ ಇರುವುದಿಲ್ಲ. ಬರೆಯುವಾಗ ಪೆನ್ನಿನ ತುದಿ ಗೋಡೆಯ ಕಡೆ ಮುಖ ಮಾಡಿರುತ್ತದೆ, ನಿಮ್ಮ ಕೈ ಮತ್ತು ಮೈ ನಡುವೆ ಬರುತ್ತವೆ. ಆದ್ದರಿಂದ ಬಲಗೈಯಲ್ಲಿ ಬರೆಯುವವರು ರಿಮೋಟನ್ನು ಬೋರ್ಡಿಗೆ ಎದುರಾಗಿ ನಿಂತಾಗ ಬಲಕ್ಕೆ ಬೀಳುವಂತೆ, ತಲೆಗಿಂತ ಎತ್ತರದಲ್ಲಿ, ಓರೆಯಾಗಿ ಇಡಬೇಕು. ಅದರ ನೋಟದ ಅಗಲ ಸುಮಾರು 40 ಡಿಗ್ರಿ. 1.5 ಮೀಟರ್ ಅಗಲದ ಚಿತ್ರಕ್ಕೆ 2 ಮೀಟರಿಗಿಂತ ಹತ್ತಿರ ಇಟ್ಟರೆ ಅಂಚುಗಳು ತಪ್ಪಿಹೋಗುತ್ತವೆ. ಎರಡೂವರೆ ಮೀಟರ್ ಇದ್ದರೆ ನಿರಾಳ. ತೀರ ದೂರ ಹೋದರೆ ಚಿತ್ರ ಕ್ಯಾಮೆರಾದ ಮೂಲೆಯೊಂದರಲ್ಲಿ ಮುದುಡಿ, ಅಕ್ಷರಗಳು ನಡುಗುತ್ತವೆ.

ಎಲ್‌ಇಡಿಯ ಬೆಳಕು ಹರಡುವ ಕೋನವೂ ಮುಖ್ಯ. ಟಿಎಸ್‌ಎಎಲ್ ಮಾದರಿಗಳಲ್ಲೇ 6100 ಸಂಖ್ಯೆಯದು ನಡುಗೆರೆಯಿಂದ ಆಚೀಚೆ 10 ಡಿಗ್ರಿ ಮಾತ್ರ ಹರಡುತ್ತದೆ, 6400 ಆದರೆ 25 ಡಿಗ್ರಿ. ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಕೇಳಿ ತನ್ನಿ. ನಿಮ್ಮಲ್ಲಿರುವುದು ಯಾವುದೇ ಆಗಲಿ, ಅದರ ಗುಂಡು ತುದಿಯನ್ನು ನಯವಾದ ಉಜ್ಜುಕಾಗದದಿಂದ ಮಸುಕಾಗುವಷ್ಟು ಉಜ್ಜಿ. ಬೆಳಕು ಎಲ್ಲ ಕಡೆ ಚೆಲ್ಲುತ್ತದೆ. ಸ್ವಿಚ್ ಪೆನ್ನಿನ ಪಕ್ಕದಲ್ಲಿದ್ದರೆ ಒತ್ತುವಾಗ ಕೈ ಅಲುಗಿ ಕ್ಲಿಕ್ ತಪ್ಪುತ್ತದೆ. ತುದಿಯನ್ನು ಗೋಡೆಗೆ ಒತ್ತಿದಾಗ ತಾನೇ ಉರಿಯುವಂತೆ ಮೈಕ್ರೋಸ್ವಿಚ್ ಕೂರಿಸುವುದು ಒಳ್ಳೆಯದು.

ಬಾಣ ಹಾರುವುದಕ್ಕೆ ಕಾರಣ ಪೆನ್ನಲ್ಲ, ಎರಡನೆಯ ಚುಕ್ಕೆ. ಕಿಟಕಿಯ ಬಿಸಿಲು, ಹಳೇ ಬುರುಡೆ ಬಲ್ಬು, ಹ್ಯಾಲೊಜೆನ್, ಸರಸ್ವತಿಯ ಪಟದ ಮುಂದೆ ಹಚ್ಚಿಟ್ಟ ದೀಪ ಎಲ್ಲವೂ ಅವಗೆಂಪು ಸೂಸುತ್ತವೆ. ರಿಮೋಟ್‌ಗೆ ದೀಪದ ಕುಡಿಯೂ ಒಂದೇ, ನಿಮ್ಮ ಪೆನ್ನೂ ಒಂದೇ. ಟ್ಯೂಬ್‌ಲೈಟ್ ಮತ್ತು ಎಲ್‌ಇಡಿ ಬಲ್ಬುಗಳಿಂದ ಅಷ್ಟು ತೊಂದರೆಯಿಲ್ಲ. ಮಿರುಗುವ ಬಿಳಿ ಬೋರ್ಡ್ ಇನ್ನೊಂದು ಶತ್ರು, ಪೆನ್ನಿನ ಬೆಳಕು ಅದರಲ್ಲಿ ಪ್ರತಿಫಲಿಸಿ ಜೋಡಿ ಚುಕ್ಕೆಯಾಗುತ್ತದೆ. ಸುಣ್ಣ ಅಥವಾ ಮಂಕು ಬಣ್ಣ ಬಳಿದ ಗೋಡೆಯೇ ಲೇಸು. ಇಷ್ಟೆಲ್ಲ ಸರಿಪಡಿಸಿದ ಮೇಲೆ ತಂತ್ರಾಂಶದಲ್ಲಿ ನಾಲ್ಕು ಮೂಲೆಗಳ ಹೊಂದಾಣಿಕೆಯನ್ನು (ಕ್ಯಾಲಿಬ್ರೇಶನ್) ಹೊಸದಾಗಿ ಮಾಡಿ. ಆಮೇಲೆ ಯಾರಾದರೂ ಪ್ರೊಜೆಕ್ಟರ್ ಇಟ್ಟ ಮೇಜಿಗೆ ತಾಗಿದರೂ ಮತ್ತೆ ಮಾಡಲೇಬೇಕು.

ಟಚ್ ಇಲ್ಲದ ನನ್ನ ಲ್ಯಾಪ್‌ಟಾಪಿಗೆ, ಪರದೆಯ ಕೆಳಗೆ ಕೂರಿಸುವ ಯುಎಸ್‌ಬಿ ಪಟ್ಟಿಯೊಂದನ್ನು ತಂದೆ. ಬೆರಳು ತಾಗುವ ಮೊದಲೇ ಒತ್ತಿದಂತಾಗುತ್ತದೆ, ಮಾನಿಟರ್ ಜೋಡಿಸಿದರೆ ಬೇರೆಲ್ಲೋ ಒತ್ತುತ್ತದೆ. ಪಟ್ಟಿ ಕೆಟ್ಟಿದೆಯೇ?
— ಲೆಕ್ಕಪರಿಶೋಧಕರ ಕಚೇರಿಯ ನೌಕರ, ದಾವಣಗೆರೆ

ಕೆಟ್ಟಿರಲಾರದು. ಸ್ವೀಡನ್ನಿನ ನಿಯೋನೋಡ್ ಕಂಪನಿ ತಂದ ಏರ್‌ಬಾರ್ ಈ ಜಾತಿಯದು. ಪಟ್ಟಿಯು ಪರದೆಯ ಮೇಲೆ ತೆಳುವಾದ ಅವಗೆಂಪು ಹಾಳೆಯೊಂದನ್ನು ಹಾಸುತ್ತದೆ, ಬೆರಳಿಗೆ ಬಡಿದು ಹಿಂದೆ ಬಂದ ಬೆಳಕಿನಿಂದ ಜಾಗ ಲೆಕ್ಕ ಹಾಕುತ್ತದೆ. ಆ ಹಾಳೆ ಗಾಜಿಗಿಂತ ಕೂದಲೆಳೆಯಷ್ಟು ಮೇಲಿರುವುದರಿಂದ ಬೆರಳು ಗಾಜು ಮುಟ್ಟುವ ಮುನ್ನವೇ ಸ್ಪರ್ಶ ದಾಖಲಾಗುವುದು ಇದರ ಸ್ವಭಾವ. ಅಂಗಿಯ ತೋಳು, ಬಳೆ, ಪರದೆಗೆ ಅಂಟಿಸಿದ ಚೀಟಿ, ಕೊನೆಗೆ ಒಂದು ನೊಣ ಕೂಡ ಅದಕ್ಕೆ ಬೆರಳೇ. ಪಟ್ಟಿ ಚಿತ್ರದ ಕೆಳ ಅಂಚಿಗೆ ಸಮಾನಾಂತರವಾಗಿ, ಸಂದಿಲ್ಲದೆ ಕೂತಿರಬೇಕು. ಒಂದು ತುದಿ ಎರಡು ಮಿಲಿಮೀಟರ್ ಎದ್ದರೂ ಮೇಲಿನ ಮೂಲೆಯಲ್ಲಿ ತಪ್ಪು ಎದ್ದು ಕಾಣುತ್ತದೆ. 13.3, 14, 15.6 ಇಂಚಿಗೆ ಬೇರೆಬೇರೆ ಪಟ್ಟಿಗಳು ಬಂದಿವೆ, ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ.

ಮಾನಿಟರ್ ಜೋಡಿಸಿದಾಗ ಆಗುವ ಎಡವಟ್ಟು ವಿಂಡೋಸ್‌ನದು. ಸ್ಪರ್ಶ ಯಾವ ಪರದೆಗೆ ಸೇರಿದ್ದೆಂದು ಅದಕ್ಕೆ ಗೊತ್ತಾಗಿರುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಟ್ಯಾಬ್ಲೆಟ್ ಪಿಸಿ ಸೆಟ್ಟಿಂಗ್ಸ್ ತೆರೆದು ಸೆಟಪ್ ಒತ್ತಿ. ಸೂಚನೆ ಮಾನಿಟರಿನಲ್ಲಿ ಬಂದರೆ ಎಂಟರ್ ಕೀ ಒತ್ತಿ ಮುಂದೆ ಹೋಗಿ, ಲ್ಯಾಪ್‌ಟಾಪ್ ಪರದೆಯಲ್ಲಿ ಬಂದಾಗ ಅದನ್ನು ಬೆರಳಿನಿಂದ ಮುಟ್ಟಿ.

ವಾರಕ್ಕೊಮ್ಮೆ ಪಟ್ಟಿಯ ಕಪ್ಪು ಕಿಂಡಿಯನ್ನು ಒಣ ಮೆದುಬಟ್ಟೆಯಿಂದ ಒರೆಸಿ. ಅವಗೆಂಪು ಸ್ಪರ್ಶಕ್ಕೆ ಧೂಳು ಹಳೆಯ ಪಿಡುಗು. ಎಚ್‌ಪಿ 1983ರಲ್ಲಿ ತಂದ ಎಚ್‌ಪಿ-150 ಕಂಪ್ಯೂಟರಿನ ಪರದೆಯ ಸುತ್ತಲೂ ಇದೇ ಉದ್ದೇಶದ ಕಿರುರಂಧ್ರಗಳಿದ್ದವು, ಅವುಗಳಲ್ಲಿ ಧೂಳು ತುಂಬಿದರೆ ಸ್ಪರ್ಶ ತಪ್ಪುತ್ತಿತ್ತು. ಮತ್ತೊಂದು ಮಾತು, ಪಟ್ಟಿಯನ್ನು ತೆಗೆಯದೆ ಮುಚ್ಚಳ ಮುಚ್ಚಬೇಡಿ. ಒತ್ತಡಕ್ಕೆ ಪರದೆ ಬಿರಿಯುತ್ತದೆ.

ಹೊಸ ವೈರ್‌ಲೆಸ್ ಮೌಸ್‌ನ ಹೊಟ್ಟೆಯಲ್ಲಿ ಕೆಂಪು ಬೆಳಕೇ ಬರುವುದಿಲ್ಲ. ಅಡುಗೆಮನೆಯ ಕಪ್ಪು ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟರೆ ಬಾಣ ಕದಲುವುದಿಲ್ಲ.
— ಗೃಹಿಣಿ, ಇಳಕಲ್

ಬೆಳಕು ಬರುತ್ತಿದೆ, ನಿಮಗೆ ಕಾಣುತ್ತಿಲ್ಲ. ಮೌಸ್‌ನೊಳಗಿನ ಸಿಲಿಕಾನ್ ಸಂವೇದಕಕ್ಕೆ ಅವಗೆಂಪು ಚೆನ್ನಾಗಿ ಕಾಣುತ್ತದೆ, ಅದನ್ನು ಉರಿಸಲು ವೋಲ್ಟೇಜೂ ಕಡಿಮೆ ಸಾಕು. ಹಾಗಾಗಿ ಸೆಲ್ ಹೆಚ್ಚು ದಿನ ಬರುತ್ತದೆ. ಆ ಸಂವೇದಕ ಮೇಲ್ಮೈಯ ಸೂಕ್ಷ್ಮ ಒರಟನ್ನು ಮೇಲಿಂದ ಮೇಲೆ ಚಿತ್ರ ತೆಗೆದು, ಹಿಂದಿನದಕ್ಕೆ ಹೋಲಿಸಿ ಚಲನೆ ಅಳೆಯುತ್ತದೆ. ಕನ್ನಡಿಯಂತೆ ಪಾಲಿಶ್ ಮಾಡಿದ ಅಪ್ಪಟ ಕಪ್ಪು ಕಲ್ಲಿನಲ್ಲಿ ಹೋಲಿಸಲು ಗುರುತೇ ಸಿಗುವುದಿಲ್ಲ. ಮೌಸ್ ಬದಲಿಸಬೇಡಿ, ಕೆಳಗೆ ಒಂದು ಬಿಳಿ ಕಾಗದ ಹಾಕಿ.

ಹಳೆಯ ಲ್ಯಾಪ್‌ಟಾಪಿನ ಪಕ್ಕದಲ್ಲಿ ಕಡುಗೆಂಪು ಪ್ಲಾಸ್ಟಿಕ್ ಕಿಟಕಿ ಇದೆ. ಅದಕ್ಕೆ ಅವಗೆಂಪು ಮೌಸ್ ಜೋಡಿಸಬಹುದೇ?
— ಡಿಪ್ಲೊಮಾ ವಿದ್ಯಾರ್ಥಿ, ಹಾಸನ

ಆಗುವುದಿಲ್ಲ. ಅದು ಇರ್ಡಾ ಎಂಬ, ಅವಗೆಂಪಿನಲ್ಲಿ ಮಾಹಿತಿ ಕಳಿಸುವ ಹಳೆಯ ಪದ್ಧತಿಯ ಕಿಟಕಿ. ಫೈಲ್ ಕಳಿಸಲು, ಫೋನ್ ಜೋಡಿಸಲು ಮಾಡಿದ್ದು. ಒಂದು ಮೀಟರಿನೊಳಗೆ, ಎದುರುಬದುರಾಗಿ ಇಟ್ಟರೆ ಮಾತ್ರ ಮಾತಾಡುತ್ತದೆ. ಅವಗೆಂಪು ತಂತಿರಹಿತ ಮೌಸ್‌ಗಳಿದ್ದದ್ದು ನಿಜ, ಲಾಜಿಟೆಕ್ 1984ರಷ್ಟು ಹಿಂದೆಯೇ ಮೆಟಫರ್ ಕಂಪ್ಯೂಟರಿಗೆ ಒಂದನ್ನು ಮಾಡಿಕೊಟ್ಟಿತ್ತು. ಆದರೆ ಅವಕ್ಕೆ ಸಂಕೇತ ಹಿಡಿಯುವ ತಮ್ಮದೇ ಪೆಟ್ಟಿಗೆ ಬೇಕಿತ್ತು, ನಡುವೆ ಕಾಫಿ ಲೋಟ ಬಂದರೂ ಬಾಣ ನಿಲ್ಲುತ್ತಿತ್ತು. ರೇಡಿಯೋ ಮೌಸ್ ಕೊಳ್ಳಿ.

ಅಪಘಾತದಲ್ಲಿ ನನ್ನ ತಮ್ಮನ ಕೈಗಳು ಸ್ವಾಧೀನ ಕಳೆದುಕೊಂಡಿವೆ. ಕತ್ತು ಆಡಿಸಬಲ್ಲ, ಮಾತು ಚೆನ್ನಾಗಿದೆ. ಲ್ಯಾಪ್‌ಟಾಪ್ ಬಳಸಲು ಹಣೆಗೆ ಚುಕ್ಕೆ ಅಂಟಿಸುವ ಸಾಧನ ಒಳ್ಳೆಯದೋ, ಕಣ್ಣಿನಿಂದ ನಡೆಸುವುದೋ?
— ಅಣ್ಣ, ತೀರ್ಥಹಳ್ಳಿ

ಕತ್ತು ಗಟ್ಟಿಯಾಗಿದ್ದರೆ ಮೊದಲು ಚುಕ್ಕೆಯದನ್ನೇ ಪ್ರಯತ್ನಿಸಿ. ಪರದೆಯ ಮೇಲಿಟ್ಟ ಕ್ಯಾಮೆರಾ ಅವಗೆಂಪು ಚೆಲ್ಲುತ್ತದೆ, ಹಣೆಯ ಅಥವಾ ಕನ್ನಡಕದ ಮೇಲಿನ ಪ್ರತಿಫಲಕ ಚುಕ್ಕೆ ಅದನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತದೆ. ತಲೆ ಒಂದಿಷ್ಟೇ ಅಲುಗಿದರೂ ಬಾಣ ನಾಜೂಕಾಗಿ ಚಲಿಸುತ್ತದೆ, ಸಣ್ಣ ಗುಂಡಿಗಳೂ ಸಿಗುತ್ತವೆ. ಬೆವರು, ಎಣ್ಣೆ ತಾಗಿದ ಚುಕ್ಕೆಯ ಹೊಳಪು ಹೋಗುತ್ತದೆ, ಬದಲಿಸುತ್ತಿರಿ. ತಮ್ಮನ ಬೆನ್ನ ಹಿಂದೆ ಕನ್ನಡಿಯ ಬೀರು, ಸ್ಟೀಲ್ ಪಾತ್ರೆಯ ಸಾಲು, ತೆರೆದ ಕಿಟಕಿ ಇರದಂತೆ ಕೂರಿಸಿ.

ಕಣ್ಣಿನ ಸಾಧನ ಬೇರೆ ಬಗೆಯದು. ಅವಗೆಂಪು ದೀಪ ಕಣ್ಣಿನ ಕಾರ್ನಿಯಾದ ಮೇಲೆ ಮೂಡಿಸುವ ಮಿನುಗನ್ನೂ ಪಾಪೆಯ ನಡುವನ್ನೂ ಹೋಲಿಸಿ ನೋಟದ ದಿಕ್ಕು ಕಂಡುಹಿಡಿಯುತ್ತಾರೆ. ಕತ್ತೂ ಆಡದವರಿಗೆ ಇದು ವರವೇ ಸರಿ. ಆದರೆ ಒಂದು ಡಿಗ್ರಿ ತಪ್ಪಿದರೆ 60 ಸೆಂಟಿಮೀಟರ್ ದೂರದಲ್ಲಿ ಬಾಣ ಒಂದು ಸೆಂಟಿಮೀಟರ್ ಆಚೆ ಬೀಳುತ್ತದೆ. ಅದಕ್ಕೇ ವಿಂಡೋಸ್‌ನ ಡಿಸ್‌ಪ್ಲೇ ಅಳತೆಯನ್ನು 150 ಶೇಕಡಾಕ್ಕೆ ಏರಿಸಬೇಕು. ಸಾಧನ ಪರದೆಯ ಕೆಳ ಅಂಚಿನಲ್ಲಿ, ಮುಖದಿಂದ 60ರಿಂದ 70 ಸೆಂಟಿಮೀಟರ್ ದೂರದಲ್ಲಿರಲಿ. ಎರಡು ನೋಟದ ಕನ್ನಡಕದ ಗೆರೆ ಪಾಪೆಗೆ ಅಡ್ಡ ಬಂದರೆ ಗುರಿ ತಪ್ಪುತ್ತದೆ, ಒಂದೇ ನೋಟದ ಗಾಜು ಹಾಕಿಸಿ ನೋಡಿ. 2017ರ ಅಕ್ಟೋಬರ್‌ನಿಂದ ವಿಂಡೋಸ್ 10ರಲ್ಲೇ ಕಣ್ಣಿನ ನಿಯಂತ್ರಣ ಸೇರಿದೆ, ಹೊಂದುವ ಸಾಧನ ಇರಬೇಕು ಅಷ್ಟೆ.

ಯಾವುದನ್ನೇ ಆರಿಸಿದರೂ ಕ್ಲಿಕ್ಕಿಗೆ, ಬಾಣ ಒಂದೆಡೆ ನಿಂತರೆ ತಾನೇ ಒತ್ತುವ ವ್ಯವಸ್ಥೆ ಬಳಸಿ. ಮೊದಲ ವಾರ ಆ ಕಾಯುವ ಸಮಯ ಒಂದೂವರೆ ಸೆಕೆಂಡ್ ಇರಲಿ, ಅಭ್ಯಾಸವಾದಂತೆ ಇಳಿಸುತ್ತ ಬನ್ನಿ. ಆರಂಭದಲ್ಲಿ ಒಮ್ಮೆಗೆ ಹತ್ತು ಹದಿನೈದು ನಿಮಿಷ ಸಾಕು, ಕತ್ತೂ ಕಣ್ಣೂ ಬೇಗ ದಣಿಯುತ್ತವೆ. ಬರವಣಿಗೆಗೆ ಪರದೆಯ ಕೀಬೋರ್ಡಿನಲ್ಲಿ ಕನ್ನಡ ವಿನ್ಯಾಸ ಆರಿಸಿಕೊಂಡರೆ ಅಕ್ಷರಗಳು ಕನ್ನಡದಲ್ಲೇ ಕಾಣುತ್ತವೆ. ಮಾತು ಚೆನ್ನಾಗಿದೆ ಎಂದಿದ್ದೀರಿ. ಹಾಗಾದರೆ ಉದ್ದನೆಯ ಬರಹಕ್ಕೆ ಧ್ವನಿ ಟೈಪಿಂಗ್, ಬಾಣಕ್ಕೆ ಮಾತ್ರ ಚುಕ್ಕೆ ಎಂದು ಹಂಚಿಕೊಳ್ಳಿ. ಕೊಳ್ಳುವ ಮುನ್ನ, ಅವನು ನಿತ್ಯ ಕೂರುವ ಕುರ್ಚಿಯಲ್ಲೇ, ಬೆಳಿಗ್ಗೆ ಬಿಸಿಲಿರುವ ಹೊತ್ತಿಗೊಮ್ಮೆ, ರಾತ್ರಿ ದೀಪದಲ್ಲೊಮ್ಮೆ ಪರೀಕ್ಷಿಸಲು ಕೊಡುವಂತೆ ಮಾರುವವರನ್ನು ಕೇಳಿ.