ನಾಲ್ಕೈದು ಸಾವಿರ ಜಾಸ್ತಿ ಕೊಟ್ಟು ಎಬಿಎಸ್ ಬೈಕೇ ತಗೋಬೇಕಾ?

ಪ್ರಶ್ನೆ: ಸಾರ್ ನಮಸ್ಕಾರ, ನಮ್ಮೂರು ಮಂಡಗದ್ದೆ ಹತ್ರ. ದಿನಾ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋಗ್ಬರ್ತೀನಿ, ಹೋಗ್ತಾ ಬರ್ತಾ ಅರವತ್ತು ಕಿಲೋಮೀಟರ್ ಆಗತ್ತೆ. ಇಷ್ಟು ದಿನ ಅಪ್ಪನ ಹಳೇ 100 ಸಿಸಿ ಬೈಕು, ಎರಡೂ ಕಡೆ ಡ್ರಮ್ ಬ್ರೇಕು. ಈಗ ಹೊಸ 125 ಸಿಸಿ ನೋಡ್ತಿದೀನಿ. ಒಂದೇ ಬೈಕಲ್ಲಿ ಎರಡು ವೇರಿಯಂಟ್ ಇದೆ, ಎರಡಕ್ಕೂ ಮುಂದೆ ಡಿಸ್ಕು, ಎಬಿಎಸ್ (ಬ್ರೇಕ್ ಜೋರಾಗಿ ಹಿಡಿದಾಗ ಚಕ್ರ ತಿರುಗೋದು ನಿಂತು ಜಾರದಂಗೆ ತಡೆಯೋ ವ್ಯವಸ್ಥೆ) ಇರೋದಕ್ಕೆ ನಾಲ್ಕೈದು ಸಾವಿರ ಜಾಸ್ತಿ. ಅಪ್ಪ "ಮೂವತ್ತು ವರ್ಷ ನಾನು ಅದಿಲ್ದೆ ಓಡಿಸಿಲ್ವಾ, ಆ ದುಡ್ಡಲ್ಲಿ ಲೆಗ್ ಗಾರ್ಡು ಸೀಟ್ ಕವರ್ ಹಾಕ್ಸು" ಅಂತಾರೆ. ಫ್ರೆಂಡು "ಎಬಿಎಸ್ ಇದ್ರೆ ಮಣ್ಣು ರೋಡಲ್ಲಿ ಗಾಡಿ ನಿಲ್ಲೋದೇ ಇಲ್ಲ" ಅಂತಾನೆ. ಏನ್ ಮಾಡ್ಲಿ?

ಉತ್ತರ: ಎಬಿಎಸ್ ಇರೋದೇ ತಗೊಳ್ಳಿ. ಜೂನಿಂದ ಸೆಪ್ಟೆಂಬರ್ ತನಕ ಆ ರೋಡಲ್ಲಿ ದಿನಾ ಓಡಾಡೋರಿಗೆ ನನ್ನ ಹತ್ರ ಬೇರೆ ಉತ್ತರ ಇಲ್ಲ. ಸಕ್ರೆಬೈಲು ದಾಟಿದ್ರೆ ಕಾಡು, ಪಕ್ಕದಲ್ಲೇ ತುಂಗೆ, ಮರದ ನೆರಳಲ್ಲಿ ಮಧ್ಯಾಹ್ನ ಆದ್ರೂ ಆರದ ಟಾರು, ಅದರ ಮೇಲೆ ಕೊಳೆತ ಎಲೆ, ಅಡಿಕೆ ಕೊಯ್ಲು ಮುಗಿದ ಮೇಲೆ ರಸ್ತೆ ಬದಿಗೆ ಸುರಿದ ಸಿಪ್ಪೆ, ತಿರುವಲ್ಲಿ ಇದ್ದಕ್ಕಿದ್ದಂಗೆ ದನ. ನಿಮಗೆ ನಾನು ಹೇಳೋದೇನು, ದಿನಾ ನೋಡ್ತಿರ್ತೀರಿ.

ಎಬಿಎಸ್ ಅಂದ್ರೆ ಬೈಕು ಬೇಗ ನಿಲ್ಲತ್ತೆ ಅಂತ ಸುಮಾರು ಜನ ಅಂದ್ಕೊಂಡಿದಾರೆ, ಶೋರೂಮಲ್ಲೂ ಹಂಗೇ ಹೇಳಿ ಮಾರ್ತಾರೆ, ಆದ್ರೆ ಅದರ ಕೆಲಸ ಅದಲ್ಲ. ದನ ಅಡ್ಡ ಬಂದಾಗ ಯಾರೂ ಲೆಕ್ಕ ಹಾಕಿ ಬ್ರೇಕ್ ಹಿಡಿಯಲ್ಲ, ಜೀವಭಯಕ್ಕೆ ಕೈ ತಾನಾಗೇ ಲಿವರ್‌ನ ಪೂರ್ತಿ ಹಿಂಡಿಬಿಡತ್ತೆ, ಒದ್ದೆ ರೋಡಲ್ಲಿ ಮುಂದಿನ ಚಕ್ರ ತಿರುಗೋದು ನಿಂತು ಜಾರೋಕೆ ಶುರು ಆಗತ್ತೆ, ಜಾರೋ ಚಕ್ರ ಹ್ಯಾಂಡಲ್ ಮಾತು ಕೇಳಲ್ಲ, ಕಣ್ಣು ಮಿಟುಕಿಸೋದ್ರೊಳಗೆ ನೀವು ಕೆಳಗೆ. ಹಿಂದಿನ ಚಕ್ರ ಲಾಕ್ ಆದ್ರೆ ಬಾಲ ಅಲ್ಲಾಡಿಸಿದಂಗೆ ಆಗಿ ಹೆಂಗೋ ಸಂಭಾಳಿಸಬಹುದು, ಮುಂದಿಂದು ಲಾಕ್ ಆದ್ರೆ ಉಳಿಸ್ಕೊಳ್ಳೋರು ಅಪರೂಪ.

ಎಬಿಎಸ್ ಬೈಕಲ್ಲಿ ಚಕ್ರದ ನಡುವೆ ಸೀಳು ಸೀಳು ಇರೋ ಒಂದು ರಿಂಗ್ ಇರತ್ತೆ, ಅದರ ಪಕ್ಕ ಸೆನ್ಸರು, ಚಕ್ರ ಎಷ್ಟು ಬೇಗ ತಿರುಗ್ತಿದೆ ಅಂತ ಎಣಿಸ್ತಾನೇ ಇರತ್ತೆ. ಇನ್ನೇನು ಲಾಕ್ ಆಗತ್ತೆ ಅನ್ನುವಾಗ ಬ್ರೇಕ್ ಆಯಿಲ್ ಪ್ರೆಶರನ್ನ ಚೂರು ಬಿಟ್ಟು ಮತ್ತೆ ಕೊಡತ್ತೆ, ಸೆಕೆಂಡಿಗೆ ಎಷ್ಟೋ ಸಲ. ಕೈಗೆ ಲಿವರ್ ಟಕಟಕ ಅಂತ ಅದುರಿದಂಗೆ ಅನ್ಸತ್ತೆ. ಆಗ ಗಾಬರಿಯಾಗಿ ಕೈ ಬಿಡಬೇಡಿ, ಹಿಡ್ಕೊಂಡೇ ಇರಿ. ಚಕ್ರ ತಿರುಗ್ತಿರೋವರೆಗೂ ಹ್ಯಾಂಡಲ್ ನಿಮ್ಮ ಮಾತು ಕೇಳತ್ತೆ, ನಾಲ್ಕೈದು ಸಾವಿರ ಕೊಡೋದು ಅಷ್ಟಕ್ಕೇ.

ಅಪ್ಪನ ಮಾತಿಗೆ ಬರೋಣ. ಅವರು ಹೇಳಿದ್ದು ಸುಳ್ಳಲ್ಲ, ಆದ್ರೆ ಅವರ ಬೈಕಲ್ಲಿ ಮುಂದೆ ಇದ್ದಿದ್ದು ಕೇಬಲ್ ಎಳೆಯೋ ಡ್ರಮ್ಮು, ಗಟ್ಟಿಯಾಗಿ ಹಿಂಡಿದ್ರೂ ಮೆತ್ತಗೆ ಹಿಡೀತಿತ್ತು, ಸ್ಪೀಡೂ ಕಮ್ಮಿ. ನೀವು ತಗೊಳ್ಳೋದ್ರಲ್ಲಿ ಡಿಸ್ಕು ಇದೆ, ಎರಡು ಬೆರಳಲ್ಲಿ ಹಿಡಿದ್ರೆ ಸಾಕು ಗಪ್ ಅಂತ ಕಚ್ಚತ್ತೆ. ಅಂದ್ರೆ ಮಳೇಲಿ ಮುಂದಿನ ಚಕ್ರ ಲಾಕ್ ಮಾಡೋದು ಅಪ್ಪನಿಗಿಂತ ನಿಮಗೆ ಸುಲಭ! ಅದಕ್ಕೇ ಡಿಸ್ಕ್ ಜೊತೆ ಎಬಿಎಸ್ ಇರ್ಲಿ ಅಂತ ನಾನು ಹಠ ಹಿಡಿಯೋದು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ ಆಯ್ತು, 125ರವರೆಗೆ ಸಿಬಿಎಸ್ ಇದ್ರೂ ನಡೆಯತ್ತೆ ಅಂತ ಬಿಟ್ರು, ಹಂಗಾಗಿ ಆರಿಸ್ಕೊಳ್ಳೋ ತಲೆನೋವು ನಿಮ್ಮ ಪಾಲಿಗೆ ಬಂತು. ಸಿಬಿಎಸ್ ಅಂದ್ರೆ ಹಿಂದಿನ ಬ್ರೇಕ್ ಒತ್ತಿದ್ರೆ ಮುಂದಿಂದೂ ಸ್ವಲ್ಪ ಹಿಡಿಯತ್ತೆ, ಒಳ್ಳೇದೇ, ಆದ್ರೆ ಲಾಕ್ ಆಗೋದನ್ನ ಅದು ತಡೆಯಲ್ಲ.

ಫ್ರೆಂಡು ಹೇಳಿದ್ರಲ್ಲಿ ಅರ್ಧ ನಿಜ ಇದೆ. ಜಲ್ಲಿ, ಸಡಿಲ ಮಣ್ಣಿನ ಮೇಲೆ ಲಾಕ್ ಆದ ಚಕ್ರ ಮಣ್ಣನ್ನ ಮುಂದೆ ಗುಡ್ಡೆ ಮಾಡ್ಕೊಂಡು ಬೇಗ ನಿಲ್ಲಬಹುದು, ಎಬಿಎಸ್ ಇದ್ರೆ ಇನ್ನೊಂಚೂರು ಮುಂದೆ ಹೋಗತ್ತೆ. ಅದಕ್ಕೇ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಥರ ಕಚ್ಚಾ ರೋಡಿಗೂ ಅಂತ ಮಾಡಿದ ಬೈಕಲ್ಲಿ ಹಿಂದಿನ ಎಬಿಎಸ್ ಆಫ್ ಮಾಡೋಕೆ ಸ್ವಿಚ್ ಕೊಡ್ತಾರೆ. ಆದ್ರೆ ನೀವು ನೋಡ್ತಿರೋ ಬೆಲೆಯಲ್ಲಿ ಸಿಗೋದು ಸಿಂಗಲ್ ಚಾನೆಲ್, ಮುಂದಿನ ಚಕ್ರಕ್ಕೆ ಮಾತ್ರ, ಹಿಂದಿಂದು ಹೆಂಗಿದ್ರೂ ನಿಮ್ಮ ಕಾಲಲ್ಲೇ ಇರತ್ತೆ. ಅರವತ್ತು ಕಿಲೋಮೀಟರಲ್ಲಿ ಮಣ್ಣು ರೋಡು ಎಷ್ಟಿದೆ ಹೇಳಿ, ಮನೆ ಹತ್ರದ ಅರ್ಧ ಕಿಲೋಮೀಟರಾ? ಅಲ್ಲಿ ಇಪ್ಪತ್ತರ ಮೇಲೆ ಯಾರೂ ಹೋಗಲ್ಲ.

ನಾನು ಬಿದ್ದಿದ್ದು ಹಾಸನ ಕಡೆ, ರೋಡ್ ಮೇಲೇ ಹುರುಳಿ ಒಕ್ಕಣೆ ಹಾಕಿದ್ರು, ತಿರುವು ದಾಟಿದ ಮೇಲೆ ಕಾಣ್ತು, ಹುಲ್ಲಿನ ಮೇಲೆ ಬಂದ್ಮೇಲೆ ಫ್ರಂಟ್ ಬ್ರೇಕ್ ಹಿಂಡಿದೆ. ಡಿಸ್ಕ್ ಇತ್ತು, ಎಬಿಎಸ್ ಇರ್ಲಿಲ್ಲ. ಸ್ಪೀಡ್ ನಲವತ್ತೂ ಇರ್ಲಿಲ್ಲ, ಆದ್ರೂ ಹೆಗಲ ಮೂಳೆ ಮುರಿದು ಒಂದೂವರೆ ತಿಂಗಳು ಎಡಗೈಯಲ್ಲಿ ಊಟ ಮಾಡಿದೆ. ಬಿದ್ದ ನೋವಿಗಿಂತ ಅಮ್ಮ ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ದು ಇವತ್ತಿಗೂ ನೆನಪಿದೆ.

ದುಡ್ಡಿನ ಲೆಕ್ಕನೂ ನೋಡಿ. ಐದು ಸಾವಿರನ ಮೂರು ವರ್ಷದ ಲೋನಲ್ಲಿ ಸೇರಿಸಿದ್ರೆ ತಿಂಗಳಿಗೆ ನೂರೈವತ್ತು ಚಿಲ್ಲರೆ, ಒಂದೂವರೆ ಲೀಟರ್ ಪೆಟ್ರೋಲ್. ಸೀಟ್ ಕವರ್ ಮುಂದಿನ ದಸರಾಕ್ಕೂ ಹಾಕಿಸ್ಬಹುದು, ಎಬಿಎಸ್ ಆಮೇಲೆ ಹಾಕ್ಸೋಕಾಗಲ್ಲ.

ಆದ್ರೆ ಎಬಿಎಸ್ ಒಂದಿದೆ ಅಂತ ಗಾಡಿನ ಜೋರಾಗಿ ಓಡಿಸ್ಬೇಡಿ. ಅರವತ್ತರ ಸ್ಪೀಡಲ್ಲಿ ಬೈಕು ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಹೋಗತ್ತೆ, ದನ ಕಂಡು ಕೈ ಬ್ರೇಕಿಗೆ ಬರೋದ್ರೊಳಗೇ ಅಷ್ಟು ದೂರ ಮುಗಿದಿರತ್ತೆ, ಅಲ್ಲಿ ಎಬಿಎಸ್ ಇನ್ನೂ ಕೆಲಸಾನೇ ಶುರು ಮಾಡಿರಲ್ಲ. ತಿರುವಲ್ಲಿ ಬೈಕ್ ಪೂರ್ತಿ ವಾಲಿದ್ದಾಗ ಹಿಂಡಿದ್ರೂ ಈ ಬೆಲೆಯ ಎಬಿಎಸ್ ಕಾಪಾಡತ್ತೆ ಅಂತ ನಂಬೋ ಹಾಗಿಲ್ಲ, ಬ್ರೇಕ್ ಏನಿದ್ರೂ ತಿರುವಿಗೆ ಮೊದಲೇ. ಟೈರ್ ಸವೆದು ನುಣ್ಣಗಾಗಿದ್ರಂತೂ ಯಾವ ಎಬಿಎಸ್ಸೂ ಪ್ರಯೋಜನ ಇಲ್ಲ, ಮಳೆಗಾಲಕ್ಕೆ ಮೊದಲು ಟೈರ್ ನೋಡಿಸಿ.

ಪ್ರಶ್ನೆ: ನನ್ನ ಬೈಕಲ್ಲಿ ಎಬಿಎಸ್ ಇದೆ. ಮುಂದಿನ ಚಕ್ರ ಪಂಕ್ಚರ್ ಹಾಕ್ಸಿದ ಮೇಲೆ ಮೀಟರಲ್ಲಿ ಎಬಿಎಸ್ ಲೈಟ್ ಆರ್ತಾನೇ ಇಲ್ಲ. ಓಡಿಸ್ಬಹುದಾ?

ಉತ್ತರ: ಕೀ ಹಾಕಿದಾಗ ಆ ಲೈಟ್ ಹತ್ತಬೇಕು, ಗಾಡಿ ಸ್ವಲ್ಪ ಮುಂದೆ ಹೋದ್ಮೇಲೆ ಆರಬೇಕು. ಆರಿಲ್ಲ ಅಂದ್ರೆ ಸಾಮಾನ್ಯವಾಗಿ ಮಾಮೂಲಿ ಬ್ರೇಕ್ ಹಿಡಿಯತ್ತೆ, ಎಬಿಎಸ್ ಇರಲ್ಲ. ಚಕ್ರ ಬಿಚ್ಚಿ ಹಾಕುವಾಗ ಸೆನ್ಸರ್ ಜಾಗ ಬಿಟ್ಟು ಸರಿದಿರಬಹುದು, ರಿಂಗ್ ಬಗ್ಗಿರಬಹುದು, ಇಲ್ಲಾ ಕೆಸರು ಗ್ರೀಸ್ ಮೆತ್ತಿರಬಹುದು. ನಿಧಾನಕ್ಕೆ ಓಡಿಸ್ಕೊಂಡು ಈ ವಾರದಲ್ಲೇ ಸರ್ವಿಸ್‌ಗೆ ಬಿಡಿ. ಹಂಗೇ ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ದಿನ ಆಯ್ತು ಕೇಳಿ, ಎರಡು ವರ್ಷಕ್ಕೊಮ್ಮೆ ಹೊಸದು ಹಾಕಿಸ್ಬೇಕು.

ಪ್ರಶ್ನೆ: ನನ್ನ ಸ್ಕೂಟರಿಗೆ ಹೊರಗಡೆ ಎಬಿಎಸ್ ಹಾಕ್ಸೋಕಾಗತ್ತಾ? ಆನ್‌ಲೈನಲ್ಲಿ ಸಾವಿರದೊಳಗೆ ಸಿಗತ್ತೆ.

ಉತ್ತರ: ಬೇಡಮ್ಮ. ಸೆನ್ಸರ್, ಪ್ರೆಶರ್ ಬಿಟ್ಟು ಕೊಡೋ ಯೂನಿಟ್, ಕಂಪ್ಯೂಟರ್ ಎಲ್ಲಾ ಆ ಗಾಡಿಗೇ ಅಂತ ಹೊಂದಿಸಿ ಮಾಡಿರ್ತಾರೆ, ಆ ದುಡ್ಡಿಗೆ ಸಿಗೋ ಸಣ್ಣ ಡಬ್ಬಿ ಎಬಿಎಸ್ ಅಲ್ಲ, ಬ್ರೇಕ್ ಲೈನಿಗೆ ಅಂಥದ್ದು ಸೇರಿಸಿದ್ರೆ ಇರೋ ಬ್ರೇಕೂ ಹಾಳು. ಆ ದುಡ್ಡಲ್ಲಿ ಬ್ರೇಕ್ ಶೂ ನೋಡಿಸಿ, ಮಿಕ್ಕಿದ್ದನ್ನ ಟೈರಿಗೆ ಎತ್ತಿಡಿ. ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಇಪ್ಪತ್ತರ ಸ್ಪೀಡಲ್ಲಿ ಎರಡೂ ಬ್ರೇಕ್ ಒಟ್ಟಿಗೆ, ಮೊದಲು ಮೆತ್ತಗೆ ಆಮೇಲೆ ಬಿಗಿಯಾಗಿ ಹಿಡಿಯೋದನ್ನ ಒಂದ್ಹತ್ತು ಸಲ ಮಾಡಿ, ಮುಂದಿನ ಭಾನುವಾರ ಮತ್ತೆ ಮಾಡಿ.