ರಾಸ್ಪ್‌ಬೆರಿ ಪೈ 4ಕ್ಕೆ ಯಾವ ಲಿನಕ್ಸ್ ಹಾಕಿದರೆ ಮಳೆಗಾಲದಲ್ಲಿ ಕೆಡದೆ ಉಳಿಯುತ್ತದೆ?

ತೋಟದಲ್ಲಿ ಮಳೆ ದಾಖಲಿಸಲು ಇಟ್ಟ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಪದೇ ಪದೇ ಬೂಟ್ ಆಗದೆ ನಿಲ್ಲುತ್ತಿದೆ, ಉಬುಂಟು ಲಿನಕ್ಸ್ ಬಿಟ್ಟು ಡಯಟ್‌ಪೈ ಎಂಬ ಇನ್ನೊಂದು ಲಿನಕ್ಸ್ ಹಾಕಲೇ ಎಂದು ಕೇಳಿದ್ದೀರಿ. ಹಾಕಬೇಡಿ. ಕೊಡಗಿನ ನಾಪೋಕ್ಲು ಕಡೆಯ ನಮ್ಮ ಕಾಫಿ ತೋಟದಲ್ಲಿ ನಾನು ಇದೇ ಪ್ರಯೋಗದಲ್ಲಿ ಒಂದು ಇಡೀ ಮಳೆಗಾಲದ ಲೆಕ್ಕವನ್ನು ಕಳೆದುಕೊಂಡಿದ್ದೇನೆ.

ತಂದೆಯವರು ಪುಸ್ತಕದಲ್ಲಿ ಇಂಚಿನ ಲೆಕ್ಕದಲ್ಲಿ ಬರೆದಿಡುತ್ತಿದ್ದ ಮಳೆ ತಾನಾಗಿಯೇ ದಾಖಲಾಗಲಿ ಎಂದು, ಮಳೆಮಾಪಕದ ತಂತಿಯನ್ನು ಪೈಯ ಜಿಪಿಐಒ ಪಿನ್ನಿಗೆ (ಹೊರಗಿನ ಸಾಧನಗಳನ್ನು ಜೋಡಿಸುವ ಪಿನ್) ಜೋಡಿಸಿ ಗೋದಾಮಿನ ಕಿಟಕಿಯ ಬಳಿ ಇಟ್ಟಿದ್ದೆ. ಹೂಮಳೆಯ ಕಾಲದಲ್ಲಿ ಎಲ್ಲವೂ ಸರಿಯಾಗಿತ್ತು. ಕಕ್ಕಡದಲ್ಲಿ, ಅಂದರೆ ಜಡಿಮಳೆಯ ಆಟಿ ತಿಂಗಳಲ್ಲಿ, ಕರೆಂಟ್ ಹೋಗಿ ಬರಲು ತೊಡಗಿದ ಮೇಲೆ ಆಪರೇಟಿಂಗ್ ಸಿಸ್ಟಂ ಇರುವ ಎಸ್‌ಡಿ ಕಾರ್ಡ್ ಕೆಟ್ಟಿತು, ಹೊಸದಾಗಿ ಬರೆದರೆ ಮತ್ತೆ ಕೆಟ್ಟಿತು, ಪ್ರತಿ ಸಲವೂ ಆಪರೇಟಿಂಗ್ ಸಿಸ್ಟಂ ಅನ್ನೇ ದೂರಿ ಬೇರೊಂದನ್ನು ಹಾಕಿದೆ.

ದೋಷವಿದ್ದದ್ದು ನಾನು ಆರಿಸಿದ ಕೇಬಲಿನಲ್ಲಿ. ಪ್ಲಗ್ ಪಾಯಿಂಟ್ ದೂರವಿದ್ದುದರಿಂದ ಹಳೆಯ ಮೊಬೈಲ್ ಚಾರ್ಜರಿಗೆ ಉದ್ದನೆಯ, ತೆಳ್ಳನೆಯ ಕೇಬಲ್ ಸಿಕ್ಕಿಸಿದ್ದೆ. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಕೊಡಬಲ್ಲ ಅಡಾಪ್ಟರ್ ಬೇಕು. ಅಂಥ ಕೇಬಲಿನ ರೋಧ 0.4 ಓಮ್ ಎಂದಿಟ್ಟುಕೊಳ್ಳಿ: 1 ಆಂಪಿಯರ್ ಹರಿದರೂ 0.4 ವೋಲ್ಟ್ ದಾರಿಯಲ್ಲೇ ಇಳಿದು, ಬೋರ್ಡನ್ನು ತಲುಪುವುದು 4.6 ಮಾತ್ರ. ಸುಮಾರು 4.63ಕ್ಕಿಂತ ಕೆಳಗಿಳಿದರೆ ಪೈ ಮಿಂಚಿನ ಗುರುತು ತೋರಿಸಿ ಎಚ್ಚರಿಸುತ್ತದೆ, ಆದರೆ ಅದು ಕಾಣುವುದು ಮಾನಿಟರಿನ ಮೇಲೆ, ನನ್ನ ಪೈಗೆ ಮಾನಿಟರ್ ಇರಲೇ ಇಲ್ಲ. ಪೈಯ ಸ್ಥಿತಿ ತಿಳಿಸುವ ‘ವಿಸಿಜೆನ್‌ಸಿಎಂಡಿ’ ಕಮಾಂಡಿನಲ್ಲಿ ‘ಗೆಟ್_ಥ್ರಾಟಲ್ಡ್’ (vcgencmd get_throttled) ಕೇಳಿದ್ದರೆ ಸಾಕಿತ್ತು: ಉತ್ತರ 0ಎಕ್ಸ್0 ಬಂದರೆ ಕ್ಷೇಮ, 0ಎಕ್ಸ್50000 ಬಂದರೆ ಬೂಟ್ ಆದ ಮೇಲೆ ಎಂದೋ ವೋಲ್ಟೇಜ್ ಕುಸಿದಿದೆ ಎಂದರ್ಥ.

ಇದರ ಮೇಲೆ ಕರೆಂಟ್ ಹೋಗುವುದು ಬೇರೆ. ಎಸ್‌ಡಿ ಕಾರ್ಡಿನೊಳಗಿನ ಕಂಟ್ರೋಲರ್ ಬ್ಲಾಕುಗಳನ್ನು ಅಳಿಸಿ ಬರೆಯುತ್ತಿರುವಾಗ ವಿದ್ಯುತ್ ನಿಂತರೆ, ನೀವು ಆಗ ಮುಟ್ಟದೇ ಇದ್ದ ಫೈಲುಗಳೂ ಹಾಳಾಗಬಹುದು. ಲಿನಕ್ಸಿನ ಫೈಲ್ ಸಿಸ್ಟಂ ಆದ ಇಎಕ್ಸ್‌ಟಿ4ರ ಜರ್ನಲ್ (ಬದಲಾವಣೆಗಳನ್ನು ಗುರುತು ಹಾಕಿಕೊಳ್ಳುವ ದಾಖಲೆ) ಕಾರ್ಡಿನ ಒಳಗಿನ ಆ ಕೆಲಸವನ್ನು ಕಾಯಲಾರದು, ಡಿಸ್ಟ್ರೊ, ಅಂದರೆ ಲಿನಕ್ಸಿನ ಬಗೆ, ಬದಲಿಸಿದರೂ ಅಷ್ಟೇ.

ಆದ್ದರಿಂದ ಡಿಸ್ಟ್ರೊ ಹುಡುಕುವ ಖರ್ಚಿಲ್ಲದ ಚಟವನ್ನು ಬಿಟ್ಟು, ಮೊದಲು ಒಳ್ಳೆಯ ಅಡಾಪ್ಟರಿಗೂ ಸಣ್ಣ ಯುಪಿಎಸ್‌ಗೂ ಹಣ ಹಾಕಿ. ನಂತರ ರಾಸ್ಪ್‌ಬೆರಿ ಪೈ ಓಎಸ್‌ನ ಲೈಟ್ ಆವೃತ್ತಿಯನ್ನು ಇಮೇಜರ್ ಎಂಬ ತಂತ್ರಾಂಶದಿಂದ ಕಾರ್ಡಿಗೆ ಬರೆಯಿರಿ. ಬರೆಯುವ ಮುನ್ನವೇ ಬಳಕೆದಾರರ ಹೆಸರು, ಪಾಸ್‌ವರ್ಡ್, ವೈಫೈ, ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಪೈಯೊಳಗೆ ಹೋಗುವ ದಾರಿ) ತುಂಬಿಸಿ, ಏಕೆಂದರೆ 2022ರ ಏಪ್ರಿಲ್‌ನಿಂದ ‘ಪೈ’ ಎಂಬ ಸಿದ್ಧ ಬಳಕೆದಾರ ಇಲ್ಲ, ಮಾನಿಟರ್ ಇಲ್ಲದೆ ಒಳಹೋಗಲು ಬೇರೆ ಸುಲಭ ದಾರಿಯೂ ಉಳಿಯುವುದಿಲ್ಲ. ಎಲ್ಲವೂ ನಡೆಯತೊಡಗಿದ ಮೇಲೆ ಪೈಯ ಸೆಟ್ಟಿಂಗ್ಸ್ ಸಾಧನವಾದ ‘ರಾಸ್ಪಿ-ಕಾನ್ಫಿಗ್’ನಲ್ಲಿ ಓವರ್‌ಲೇ ಫೈಲ್ ಸಿಸ್ಟಂ (ಬದಲಾವಣೆಗಳನ್ನು ಮೆಮೊರಿಯಲ್ಲಷ್ಟೇ ಇಡುವ ವ್ಯವಸ್ಥೆ) ಆನ್ ಮಾಡಿದರೆ ಕಾರ್ಡಿಗೆ ಬರೆಯುವುದೇ ನಿಲ್ಲುತ್ತದೆ. ಆಗ ಮಳೆಯ ಲೆಕ್ಕವನ್ನು ಪೆನ್‌ಡ್ರೈವಿಗೋ ಮನೆಯ ಬೇರೆ ಕಂಪ್ಯೂಟರಿಗೋ ಕಳುಹಿಸಲು ಮರೆಯಬೇಡಿ, ಇಲ್ಲದಿದ್ದರೆ ರೀಬೂಟ್ ಆದಾಗ ಅದೂ ಅಳಿಸಿಹೋಗುತ್ತದೆ.