ಅಡ್ರಿಯಾನೊ ಅಷ್ಟು ಬೇಗ ಮರೆಯಾದದ್ದು ಯಾಕೆ?

ಇಟಲಿಯ ಫುಟ್‌ಬಾಲ್ ಕ್ಲಬ್ ಇಂಟರ್ ಮಿಲಾನ್‌ನಲ್ಲಿದ್ದ ಬ್ರೆಜಿಲ್ ಸ್ಟ್ರೈಕರ್ ಅಡ್ರಿಯಾನೊ ಅಷ್ಟು ಬೇಗ ಮುಗಿದುಹೋಗಲು ಕುಡಿತ ಒಂದೇ ಕಾರಣವಾ, ಸರಿಯಾಗಿದ್ದಿದ್ದರೆ ಬ್ರೆಜಿಲ್‌ನ ರೊನಾಲ್ಡೊನನ್ನು ಮೀರಿಸುತ್ತಿದ್ದನಾ ಅಂತ ಕೇಳಿದ್ದೀರಿ.

ಕುಡಿತ ಇತ್ತು, ಅದನ್ನು ಅವನೇ ಮುಚ್ಚಿಟ್ಟಿಲ್ಲ. ಆದರೆ ಎಲ್ಲರೂ ಹೇಳುವ ಕಥೆ ಒಂದಿದೆಯಲ್ಲ, ಅಪ್ಪ ತೀರಿಕೊಂಡ, ಮಗ ಬಾಟಲಿ ಹಿಡಿದ, ಮರುದಿನದಿಂದಲೇ ಆಟ ಹೋಯಿತು ಅಂತ, ಅದು ನಡೆದದ್ದಕ್ಕೆ ತಾಳೆಯಾಗುವುದಿಲ್ಲ.

2004ರ ಜುಲೈನಲ್ಲಿ ಪೆರುವಿನ ಲಿಮಾದಲ್ಲಿ ದಕ್ಷಿಣ ಅಮೆರಿಕದ ದೇಶಗಳ ಟೂರ್ನಿ ಕೋಪಾ ಅಮೆರಿಕದ ಫೈನಲ್. ರೊನಾಲ್ಡೊ, ರೊನಾಲ್ಡಿನೊ, ಕಾಕಾ ಯಾರೂ ಇಲ್ಲದ ಬ್ರೆಜಿಲ್ ತಂಡ. ಅರ್ಜೆಂಟೀನ 2-1ರಿಂದ ಮುಂದಿತ್ತು. ಹೆಚ್ಚುವರಿ ನಿಮಿಷಗಳಲ್ಲಿ ಅಡ್ರಿಯಾನೊ ಎಡಗಾಲಿನಿಂದ ಹೊಡೆದು ಸಮ ಮಾಡಿದ. ಪೆನಾಲ್ಟಿಯಲ್ಲಿ ಬ್ರೆಜಿಲ್ ಗೆದ್ದಿತು. 7 ಗೋಲು ಹೊಡೆದು ಟೂರ್ನಿಯಲ್ಲೇ ಅವನು ಮೊದಲಿಗ. ಆಗ ವಯಸ್ಸು 22.

ಇದಾಗಿ ಕೆಲವೇ ದಿನಗಳಲ್ಲಿ ಅಪ್ಪ ಅಲ್ಮಿರ್ ತೀರಿಕೊಂಡರು. ರಿಯೊದ ವಿಲಾ ಕ್ರುಜೇರೊ ಎಂಬ ಕೊಳೆಗೇರಿಯಲ್ಲಿ ಬೆಳೆದ ಹುಡುಗ ಅವನು. ಅವನಿಗೆ 10 ವರ್ಷವಿದ್ದಾಗ ಎಲ್ಲಿಂದಲೋ ಹಾರಿಬಂದ ಗುಂಡು ಅಪ್ಪನ ತಲೆಗೆ ಹೊಕ್ಕಿತ್ತು. ತೆಗೆಯಲಾಗದೆ ಅದು ಅಲ್ಲೇ ಉಳಿದಿತ್ತು. ಸಾವಿನ ಸುದ್ದಿ ಫೋನ್‌ನಲ್ಲಿ ಬಂದಾಗ ಇಂಟರ್ ನಾಯಕ ಜನೆಟ್ಟಿ ಜೊತೆಗಿದ್ದ. ಅವನ ಆ ಚೀರಾಟವನ್ನು ಜನೆಟ್ಟಿ ವರ್ಷಗಳ ನಂತರವೂ ನೆನೆದಿದ್ದಾನೆ. ಖಿನ್ನತೆಯಿಂದ ಅವನನ್ನು ಹೊರಗೆಳೆಯಲು ನಮ್ಮಿಂದ ಆಗಲಿಲ್ಲ ಎಂಬ ಕೊರಗೂ ಜನೆಟ್ಟಿಗಿದೆ.

ಈಗ ಮುಂದೆ ಏನಾಯಿತು ನೋಡಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಟಲಿಯ ಉಡಿನೇಸೆ ತಂಡದ ವಿರುದ್ಧ ಮೈದಾನದ ತನ್ನ ಅರ್ಧದಿಂದಲೇ ಚೆಂಡು ಹಿಡಿದು ಹೊರಟವನು, ಅಡ್ಡ ಬಂದವರನ್ನೆಲ್ಲ ಹಿಂದೆ ಹಾಕಿ ಗೋಲು ಹೊಡೆದ. ಯೂಟ್ಯೂಬ್‌ನಲ್ಲಿದೆ, ಈ ಉತ್ತರ ಬಿಟ್ಟು ಮೊದಲು ಅದನ್ನು ನೋಡಿದರೂ ನನಗೆ ಬೇಸರವಿಲ್ಲ. 2005ರ ಕಾನ್ಫೆಡರೇಷನ್ಸ್ ಕಪ್ ಫೈನಲ್‌ನಲ್ಲಿ ಮತ್ತೆ ಅರ್ಜೆಂಟೀನ, 4-1 ಗೆಲುವು, ಅವನದೇ ಎರಡು ಗೋಲು. ಟೂರ್ನಿಯ ಅತ್ಯುತ್ತಮ ಆಟಗಾರ, ಜಾಸ್ತಿ ಗೋಲು ಹೊಡೆದವನು, ಎರಡೂ ಅವನೇ. ಅಂದರೆ ಅಪ್ಪ ಹೋದ ಮೇಲಿನ ಒಂದು ವರ್ಷ ಅವನ ಜೀವನದ ಅತ್ಯುತ್ತಮ ವರ್ಷಗಳಲ್ಲಿ ಒಂದು. ಗೋಲು ಬರುತ್ತಿದ್ದವು, ಹಾಗಾಗಿ ಒಳಗೆ ಕುಸಿಯುತ್ತಿರುವುದು ಹೊರಗಿನವರಿಗೆ ಕಾಣಲಿಲ್ಲ. ನನಗೆ ಮುಖ್ಯ ಅನಿಸುವುದು ಇದೇ. ಆಗಲೇ ಅವನನ್ನು ಕೆಲವು ತಿಂಗಳು ಮನೆಗೆ ಕಳಿಸಬೇಕಿತ್ತು. ಆದರೆ ಗೋಲು ಹೊಡೆಯುತ್ತಿರುವ ಸ್ಟ್ರೈಕರ್‌ಗೆ ಯಾವ ಕ್ಲಬ್ ತಾನೇ ರಜೆ ಕೊಡುತ್ತದೆ?

ಮುಂದಿನದು ನಿಮಗೂ ಗೊತ್ತಿರಬಹುದು. ತೂಕ ಏರಿತು, ತರಬೇತಿ ತಪ್ಪಿತು. ಇಟಲಿಯ ರೇಡಿಯೊದವರು ವರ್ಷದ ಅತಿ ಕಳಪೆ ಆಟಗಾರನಿಗೆ ಅಂತ ಕೊಡುವ ಲೇವಡಿ ಪ್ರಶಸ್ತಿ ಇವನಿಗೆ ಮೂರು ಸಲ ಸಿಕ್ಕಿತು. 2008ರಲ್ಲಿ ಇಂಟರ್ ಅವನನ್ನು ಬ್ರೆಜಿಲ್‌ನ ಸಾವೊ ಪಾಲೊ ಕ್ಲಬ್‌ಗೆ ಸ್ವಲ್ಪ ಕಾಲಕ್ಕೆ ಎರವಲಾಗಿ ಕಳಿಸಿತು. 2009ರಲ್ಲಿ ಬ್ರೆಜಿಲ್ ರಾಷ್ಟ್ರೀಯ ತಂಡಕ್ಕೆ ಆಡಲು ಹೋದವನು ಮಿಲಾನ್‌ಗೆ ವಾಪಸ್ ಬರಲೇ ಇಲ್ಲ. ಆಡುವ ಖುಷಿ ಹೋಗಿದೆ ಅಂದ. ಒಪ್ಪಂದ ಮುರಿಯಿತು.

ಆಮೇಲೆ ತಮಾಷೆ ನೋಡಿ. ಆಟವೇ ಬೇಡ ಅಂದವನು ಅದೇ ವರ್ಷ ತಾನು ಬೆಳೆದ ಫ್ಲಮೆಂಗೊಗೆ ಸೇರಿ ಲೀಗ್‌ನಲ್ಲಿ 19 ಗೋಲು ಹೊಡೆದ. ಆ ಕ್ಲಬ್ 17 ವರ್ಷಗಳ ನಂತರ ಬ್ರೆಜಿಲ್ ಲೀಗ್ ಗೆದ್ದಿತು. ಆಟ ಮರೆತವನು ಹಾಗೆ ಆಡಲು ಸಾಧ್ಯವಿಲ್ಲ ಅಲ್ವಾ? ಬೇಡವಾಗಿದ್ದದ್ದು ಯುರೋಪಿನ ಬದುಕು, ಫುಟ್‌ಬಾಲ್ ಅಲ್ಲ. ಅದಕ್ಕೇ ನಂತರ ಇಟಲಿಯ ರೋಮಾ ಕ್ಲಬ್‌ಗೆ ಹೋದಾಗ ಒಂದೇ ಒಂದು ಗೋಲೂ ಬರಲಿಲ್ಲ. 2011ರಲ್ಲಿ ಬ್ರೆಜಿಲ್‌ನ ಕೊರಿಂಥಿಯನ್ಸ್ ಕ್ಲಬ್ ಸೇರಿದ ಹೊಸದರಲ್ಲೇ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ನಿಜಕ್ಕೂ ಕಥೆ ಮುಗಿದದ್ದು ಅಲ್ಲಿ ಅಂತ ನನ್ನ ಲೆಕ್ಕ. ಆಗಿನ್ನೂ ಅವನಿಗೆ 29.

ಇನ್ನು ರೊನಾಲ್ಡೊ ಜೊತೆ ಹೋಲಿಕೆ. ಅಡ್ರಿಯಾನೊ ಅಭಿಮಾನಿಗಳು ಬೈಯಬಹುದು, ಆದರೆ ನನ್ನ ಉತ್ತರ ಇಲ್ಲ ಅಂತಲೇ. ಪ್ರೊ ಎವಲ್ಯೂಷನ್ ಸಾಕರ್ 6 ಗೇಮ್ ಆಡಿದ ನಮ್ಮಂಥವರಿಗೆ ಅವನ ಹೊಡೆತದ ಬಲ 99 ಅನ್ನೋದೇ ತಲೆಯಲ್ಲಿ ಕೂತಿದೆ. ನಿಜವಾದ ಆಟದಲ್ಲೂ ಬಲ, ಓಟ, ಎಡಗಾಲು ಇವೇ ಅವನ ಬಂಡವಾಳ. ಮೈ ಸ್ವಲ್ಪ ಭಾರವಾದರೆ ಮೂರರಲ್ಲಿ ಎರಡು ಹೋದಂತೆ. ರೊನಾಲ್ಡೊ ಮಂಡಿ ಹಾಳಾಗಿ, ಮೊದಲಿನ ವೇಗ ಕಳೆದುಕೊಂಡ ಮೇಲೂ 2002ರ ವಿಶ್ವಕಪ್‌ನಲ್ಲಿ 8 ಗೋಲು ಹೊಡೆದ. ಎಲ್ಲಿ ನಿಲ್ಲಬೇಕು, ಯಾವಾಗ ಕದಲಬೇಕು ಅನ್ನೋದು ಅವನಿಗೆ ಹುಟ್ಟಿನಿಂದಲೇ ಬಂದಿತ್ತು. ಆದರೆ ಮೈ ಸರಿಯಿದ್ದ ದಿನ, ಪೆನಾಲ್ಟಿ ಬಾಕ್ಸ್‌ನ ಹೊರಗಿನಿಂದ ಒಂದೇ ಹೊಡೆತ ಹೊಡೆಯಬೇಕು ಅಂದರೆ, ಇಬ್ಬರಲ್ಲಿ ನಾನು ಚೆಂಡು ಕೊಡುವುದು ಅಡ್ರಿಯಾನೊಗೇ.